ಹೊಲಿಗೆ ಬಾರದ ಯಜಮಾನಿ: ಒಂದು ಫ್ಯಾಶನ್ ಮನೆಯ ಪ್ರಕರಣ

ಈ ಪ್ರಕರಣದಲ್ಲಿ ಮುಖ್ಯ ಹೆಸರನ್ನು ಬೇಕಂತಲೇ ಬಿಟ್ಟಿದ್ದೇನೆ. ಗುಟ್ಟೇನಿಲ್ಲ. ಫ್ಯಾಶನ್ ಓದಿದವರು ಎರಡನೇ ಪ್ಯಾರಾ ಮುಗಿಯುವಷ್ಟರಲ್ಲಿ ಹಿಡಿದುಬಿಡುತ್ತಾರೆ. ಆದರೆ ಆ ಹೆಸರು ಕಿವಿಗೆ ಬಿದ್ದರೆ ಸಾಕು, ಎಲ್ಲರೂ ಲಾಬ್‌ಸ್ಟರ್ ಅನ್ನುವ ಕಡಲ ಪ್ರಾಣಿಯ ಚಿತ್ರ ಇದ್ದ ಗೌನು, ಶೂ ಆಕಾರದ ಟೋಪಿ ಅಂತ ಚಿತ್ರ ಹುಡುಕೋಕೆ ಹೋಗುತ್ತಾರೆ. ಅಂಗಡಿ ಹೇಗೆ ನಡೆಯಿತು, ಯಾಕೆ ಮುಚ್ಚಿತು ಅಂತ ಯಾರೂ ಕೇಳುವುದಿಲ್ಲ. ನನಗೆ ಬೇಕಿರುವುದು ಆ ಲೆಕ್ಕ. ಹಾಗಾಗಿ ಇಲ್ಲಿ ಆಕೆ ಬರೀ 'ಯಜಮಾನಿ'. ಅವಳ ಮನೆಯವರೂ ಕೆಲಸದವರೂ ಹೆಸರಿಲ್ಲದೆ ಬರುತ್ತಾರೆ. ಹೊರಗಿನ ದೊಡ್ಡವರ ಹೆಸರು, ಮತ್ತೆ ಮುಂದೆ ದೊಡ್ಡವನಾದ ಒಬ್ಬ ಕೆಲಸದ ಹುಡುಗನ ಹೆಸರು ಮಾತ್ರ ಇದ್ದ ಹಾಗೇ ಇದೆ, ಅವರನ್ನು ಬಿಟ್ಟರೆ ಕಥೆ ನಡೆಯುವುದಿಲ್ಲ.

ಹಿನ್ನೆಲೆ

ಯಜಮಾನಿ ಹುಟ್ಟಿದ್ದು 1890ರಲ್ಲಿ, ರೋಮ್‌ನ ಒಂದು ಅರಮನೆಯಲ್ಲಿ. ರಾಜಮನೆತನ ಅಂತಲ್ಲ. ಅಪ್ಪ ಅರಬ್ಬಿ ಭಾಷೆಯ ವಿದ್ವಾಂಸ, ಆ ಕಟ್ಟಡದಲ್ಲಿದ್ದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದರು. ದೊಡ್ಡಪ್ಪ ಖಗೋಳ ವಿಜ್ಞಾನಿ, ಮಂಗಳ ಗ್ರಹದ ಮೇಲೆ ಉದ್ದುದ್ದ ಗೆರೆಗಳಿವೆ ಅಂತ ನಕ್ಷೆ ಬರೆದು ಹೆಸರಾದವರು. ಮನೆ ತುಂಬ ಪುಸ್ತಕ, ಶಿಸ್ತು, ದೊಡ್ಡವರ ಮಾತು. ಸೂಜಿ ದಾರದ ಸುದ್ದಿ ಎಲ್ಲೂ ಇಲ್ಲ.

ಹುಡುಗಿ ಇಪ್ಪತ್ತರ ಹರೆಯದಲ್ಲಿ ಒಂದು ಕವನ ಸಂಕಲನ ತಂದಳು. ಪದ್ಯಗಳು ಸ್ವಲ್ಪ ಜಾಸ್ತಿಯೇ ಬಿಸಿಯಾಗಿದ್ದವು. ಮನೆಯವರು ಗಾಬರಿಯಾಗಿ ಸ್ವಿಟ್ಜರ್ಲೆಂಡಿನ ಕಾನ್ವೆಂಟಿಗೆ ಹಾಕಿದರು, ಅವಳು ಊಟ ಬಿಟ್ಟು ಕೂತಳು, ಅಪ್ಪ ವಾಪಸ್ ಕರೆದುಕೊಂಡು ಬಂದರು. ಮುಂದೆ ನಡೆಯುವುದೆಲ್ಲ ಈ ಒಂದು ಘಟನೆಯಲ್ಲೇ ಕಾಣುತ್ತದೆ ಅಂತ ನನಗೆ ಅನ್ನಿಸುತ್ತದೆ: ಮೊದಲು ಎಲ್ಲರನ್ನೂ ಬೆಚ್ಚಿಬೀಳಿಸುವುದು, ಆಮೇಲೆ ಹಿಡಿದ ಹಟ ಬಿಡದಿರುವುದು.

1914ರಲ್ಲಿ ಲಂಡನ್‌ನಲ್ಲಿ ಮದುವೆಯಾಯಿತು. ಗಂಡ ಅಧ್ಯಾತ್ಮ ಅಂತ ಭಾಷಣ ಮಾಡಿಕೊಂಡು ಓಡಾಡುವ ಆಸಾಮಿ. ಅಮೆರಿಕಕ್ಕೆ ಹೋದರು. 1920ರಲ್ಲಿ ಮಗಳು ಹುಟ್ಟಿದಳು, ಗಂಡ ಬಿಟ್ಟು ಹೋದ, ಸಾಲದ್ದಕ್ಕೆ ಮಗುವಿಗೆ ಪೋಲಿಯೊ ಬಂತು. ನ್ಯೂಯಾರ್ಕಿನಲ್ಲಿ ಕೈಗೆ ಸಿಕ್ಕಿದ ಕೆಲಸ ಮಾಡುತ್ತ ಹೇಗೋ ದಿನ ದೂಡಿದಳು. 1922ರಲ್ಲಿ ಮಗುವನ್ನು ಎತ್ತಿಕೊಂಡು ಪ್ಯಾರಿಸ್ಸಿಗೆ ಬಂದಿಳಿದಳು.

ತೊಂದರೆ ಇದ್ದದ್ದು ಎಲ್ಲಿ

ಮೂವತ್ತು ದಾಟಿದೆ. ಕೈಯಲ್ಲಿ ದುಡ್ಡಿಲ್ಲ. ಊರು ತನ್ನದಲ್ಲ. ಪ್ಯಾರಿಸ್ಸಿನ ಹೊಲಿಗೆ ಮನೆಗಳಲ್ಲಿ ಮೇಲೆ ಬರುವ ದಾರಿ ಒಂದೇ ಆಗಿತ್ತು: ಚಿಕ್ಕ ಹುಡುಗಿಯಾಗಿ ಸೇರಿ, ನೆಲದ ಮೇಲೆ ಬಿದ್ದ ಗುಂಡುಸೂಜಿ ಆರಿಸಿ, ತೋಳು ಜೋಡಿಸಿ, ವರ್ಷಗಟ್ಟಲೆ ಕೈ ಪಳಗಿಸಿಕೊಂಡು ಏಳಬೇಕು. ಇವಳಿಗೆ ಪ್ಯಾಟರ್ನ್ ಕತ್ತರಿಸಲು ಬರುವುದಿಲ್ಲ, ನೆಟ್ಟಗೆ ಒಂದು ಹೊಲಿಗೆ ಹಾಕಲೂ ಬರುವುದಿಲ್ಲ. ಇದ್ದದ್ದು ಕಣ್ಣು ಮಾತ್ರ. ಆ ಕಾಲದ ದೊಡ್ಡ ದರ್ಜಿ ಪಾಲ್ ಪ್ವಾರೆ ಆ ಕಣ್ಣನ್ನು ಗುರುತಿಸಿ, ನೀನು ಮಾಡಬಲ್ಲೆ ಅಂತ ಬೆನ್ನು ತಟ್ಟಿದರು. ಆದರೆ ಬೆನ್ನು ತಟ್ಟಿದರೆ ಬಾಡಿಗೆ ಕಟ್ಟಲಾಗುತ್ತದೆಯೇ? 1925ರಲ್ಲಿ ಒಂದು ಸಣ್ಣ ಫ್ಯಾಶನ್ ಮನೆಗೆ ಡಿಸೈನ್ ಮಾಡಲು ಸೇರಿದಳು. ಮರುವರ್ಷವೇ ಅದು ಮುಚ್ಚಿತು.

ಮೊದಲ ತಿರುವು: ಒಂದು ಬೋ ಗಂಟಿನ ಸ್ವೆಟರ್

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಪ್ರಕರಣದ ತಿರುಳೇ ಇಲ್ಲಿದೆ.

ಒಂದು ದಿನ ಒಬ್ಬ ಗೆಳತಿ ತೊಟ್ಟಿದ್ದ ಕೈಹೆಣಿಗೆಯ ಸ್ವೆಟರ್ ಯಜಮಾನಿಯ ಕಣ್ಣಿಗೆ ಬಿತ್ತು. ಮಾಮೂಲಿ ಸ್ವೆಟರಿನ ಹಾಗೆ ಅದು ಜೋತು ಬೀಳುತ್ತಿರಲಿಲ್ಲ, ಬಟ್ಟೆಯ ಹಾಗೆ ಗಟ್ಟಿಯಾಗಿ ನಿಂತಿತ್ತು. ಎಲ್ಲಿ ಮಾಡಿಸಿದ್ದು ಅಂತ ವಿಚಾರಿಸಿ ಹೋದರೆ ಸಿಕ್ಕಿದ್ದು ಆರ್ಮೇನಿಯದಿಂದ ಬಂದು ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಒಬ್ಬ ಹೆಂಗಸು. ಅವರ ಕಡೆಯ ಹೆಣಿಗೆಯಲ್ಲಿ ಎರಡು ಬಣ್ಣದ ಎಳೆ ಒಟ್ಟಿಗೆ ಓಡುತ್ತವೆ. ಮುಂದೆ ಕಪ್ಪು ಎಳೆ ಹೆಣೆಯುತ್ತ ಹೋಗುವಾಗ ಬಿಳಿ ಎಳೆ ಹಿಂದೆ ಹಿಂದೆಯೇ ಬರುತ್ತದೆ, ಕೆಲವು ಕುಣಿಕೆಗೊಮ್ಮೆ ಅದನ್ನು ಮುಂದಿನದಕ್ಕೆ ಸಿಕ್ಕಿಸಿ ಬಿಗಿಯುತ್ತಾರೆ. ಹಾಗಾಗಿ ಸ್ವೆಟರ್ ಎರಡು ಪದರದ್ದಾಗುತ್ತದೆ, ಹಿಗ್ಗುವುದಿಲ್ಲ. ಸಿಕ್ಕಿಸಿದ ಜಾಗದಲ್ಲೆಲ್ಲ ಹಿಂದಿನ ಬಿಳಿ ಒಂದಿಷ್ಟು ಇಣುಕುತ್ತದೆ.

ಯಜಮಾನಿ ಮಕ್ಕಳು ಗೀಚುವ ಹಾಗೆ ಒಂದು ಚಿತ್ರ ಬರೆದಳು. ಕತ್ತಿನ ಮುಂದೆ ದೊಡ್ಡ ಬಿಳಿ ಬೋ ಗಂಟು, ರಿಬ್ಬನ್ನನ್ನು ಚಿಟ್ಟೆಯ ಹಾಗೆ ಕಟ್ಟುತ್ತೇವಲ್ಲ, ಅಂಥದ್ದು. ಸ್ಕಾರ್ಫ್ ಕಟ್ಟಿದ ಹಾಗೆ ಕಾಣಬೇಕು, ಆದರೆ ಸ್ಕಾರ್ಫೇ ಇರಬಾರದು, ಎಲ್ಲ ಹೆಣಿಗೆಯಲ್ಲೇ ಬರಬೇಕು. ಮೊದಲು ಬಂದದ್ದು ಸೊಟ್ಟ. ಎರಡನೆಯದು ಪರವಾಗಿಲ್ಲ ಅನ್ನುವ ಹಾಗಿತ್ತು. ಮೂರನೆಯದು ಬಂದಾಗ ಅವಳೇ ತೊಟ್ಟುಕೊಂಡು ಒಂದು ಊಟದ ಕೂಟಕ್ಕೆ ಹೋದಳು, ಜಾಹೀರಾತಿಗೆ ಅಂತ ಪೈಸೆ ಖರ್ಚು ಮಾಡಲಿಲ್ಲ. ಅಲ್ಲಿದ್ದ ಹೆಂಗಸರೆಲ್ಲ ನನಗೊಂದು ನನಗೊಂದು ಅಂದರು. ಅಮೆರಿಕದ ಒಂದು ದೊಡ್ಡ ಅಂಗಡಿಯ ಖರೀದಿದಾರರು 40 ಸ್ವೆಟರ್ ಬೇಕು ಅಂದರು, ಜೊತೆಗೆ 40 ಸ್ಕರ್ಟೂ ಬೇಕು, ಎರಡು ವಾರದಲ್ಲಿ.

ಸ್ಕರ್ಟ್ ಅಂತ ಒಂದನ್ನೂ ಆಕೆ ಆವರೆಗೆ ಮಾಡಿರಲಿಲ್ಲ. ಆದರೂ ಆಗಲಿ ಅಂದುಬಿಟ್ಟಳು.

ಆಮೇಲೆ ಏನಾಯಿತು ಅಂದರೆ, ಆ ಹೆಣಿಗೆಯ ಹೆಂಗಸು ತನಗೆ ಗೊತ್ತಿದ್ದ ಆರ್ಮೇನಿಯನ್ ಹೆಂಗಸರನ್ನೆಲ್ಲ ಕಲೆಹಾಕಿದಳು. ಎಲ್ಲರೂ ಸೇರಿ ಹೆಣೆದರು, ಸ್ಕರ್ಟೂ ಹೇಗೋ ತಯಾರಾದವು, ಮಾಲು ಹೇಳಿದ ದಿನಕ್ಕೆ ಹಡಗು ಹತ್ತಿತು. 1927ರ ಕೊನೆಗೆ ವೋಗ್ ಅನ್ನುವ ಫ್ಯಾಶನ್ ಪತ್ರಿಕೆ ಆ ಸ್ವೆಟರನ್ನು ಹೊಗಳಿ ಬರೆಯಿತು. ಮರುವರ್ಷ ಅಮೆರಿಕದ ಒಂದು ಮಹಿಳಾ ಪತ್ರಿಕೆ ಕೇಳದೇ ಅದರ ಹೆಣಿಗೆ ಮಾದರಿಯನ್ನೇ ಅಚ್ಚು ಹಾಕಿಬಿಟ್ಟಿತು, ಮನೆಮನೆಯಲ್ಲೂ ನಕಲು ಶುರುವಾಯಿತು. ಒಂದೇ ಐಟಮ್ ನಂಬಿಕೊಂಡವರು ಇಲ್ಲಿ ಮುಳುಗುತ್ತಾರೆ. ಇವಳು ಅಷ್ಟರಲ್ಲಿ ನಾವಿಕರ ಹಚ್ಚೆ ಇದ್ದ ಸ್ವೆಟರ್, ಎಕ್ಸ್‌ರೇಯಲ್ಲಿ ಕಾಣುವ ಹಾಗೆ ಪಕ್ಕೆಲುಬು ಇದ್ದ ಸ್ವೆಟರ್ ಅಂತ ಮುಂದೆ ಹೋಗಿದ್ದಳು.

ಇಲ್ಲಿ ಯಜಮಾನಿ ಮಾಡಿದ ಸರಿಯಾದ ಕೆಲಸ ಚಿತ್ರ ಬರೆದದ್ದಲ್ಲ ಅಂತ ನಾನು ಹೇಳುತ್ತೇನೆ. ಮೊದಲು ಕೈ ಹುಡುಕಿದಳು, ಆಮೇಲೆ ಆ ಕೈಗೆ ಒಪ್ಪುವ ಚಿತ್ರ ಬರೆದಳು. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ, ಚಿತ್ರ ಹಿಡಿದುಕೊಂಡು ಟೈಲರ್‌ನಿಂದ ಟೈಲರ್‌ಗೆ ಅಲೆಯುತ್ತಾರೆ, ಕೊನೆಗೆ ಟೈಲರ್ ಸರಿ ಇಲ್ಲ ಅನ್ನುತ್ತಾರೆ.

ಬೆಳೆದ ಬಗೆ

ಈ ಭಾಗ ಬೇಗ ಮುಗಿಸುತ್ತೇನೆ, ಇದು ಎಲ್ಲರಿಗೂ ಗೊತ್ತಿರುವ ಏರಿಕೆ. ಮೊದಲು ರ್‍ಯೂ ದ ಲಾ ಪೇ ಬೀದಿಯಲ್ಲಿ ಆಟೋಟದ ಉಡುಪಿನ ಅಂಗಡಿ. 1931ರಲ್ಲಿ ವಿಂಬಲ್ಡನ್ ಆಟಗಾರ್ತಿ ಲಿಲಿ ಅಲ್ವಾರೆಜ್ ಇವಳು ಮಾಡಿದ, ಪ್ಯಾಂಟಿನ ಹಾಗೆ ಎರಡು ಕಾಲಿಗೂ ಬೇರೆ ಬೇರೆಯಾಗಿ ಹೊಲಿದ ಸ್ಕರ್ಟ್ ತೊಟ್ಟು ಆಡಿ ಗಲಾಟೆಯೇ ಆಯಿತು. 1932ರ ಹೊತ್ತಿಗೆ ಎಂಟು ಹೊಲಿಗೆ ಕೋಣೆ, ಸುಮಾರು 400 ಜನ ಕೆಲಸಗಾರರು, ವರ್ಷಕ್ಕೆ 7,000ದಿಂದ 8,000 ಉಡುಪು. 1933ರಲ್ಲಿ ಲಂಡನ್‌ನಲ್ಲೂ ಬಾಗಿಲು ತೆರೆಯಿತು. 1934ರ ಆಗಸ್ಟ್‌ನಲ್ಲಿ ಟೈಮ್ ಪತ್ರಿಕೆಯ ಮುಖಪುಟಕ್ಕೆ ಬಂದಳು, ಹೆಣ್ಣು ಡಿಸೈನರ್ ಒಬ್ಬಳು ಅಲ್ಲಿ ಬಂದದ್ದು ಅದೇ ಮೊದಲು. 1935ರಲ್ಲಿ ಅವಳ ಫ್ಯಾಶನ್ ಮನೆ ಪ್ಯಾರಿಸ್ಸಿನ ಪ್ಲಾಸ್ ವಾಂಡೋಮ್ ಚೌಕದ 21ನೇ ನಂಬರಿಗೆ ಬಂತು. 98 ಕೋಣೆಗಳ ಕಟ್ಟಡ. ಹೊಲಿಗೆ ಬಾರದವಳು ಎಂಟೇ ವರ್ಷದಲ್ಲಿ ಎಲ್ಲಿಗೆ ಬಂದು ನಿಂತಳು ನೋಡಿ.

ಅದೇ ವರ್ಷ ಸೀರೆ ಉಡುವ ರೀತಿ ನೋಡಿ ಮರುಳಾಗಿ, ಸೆರಗು ಹೊದ್ದ ಹಾಗೆ ಕಾಣುವ ಸಂಜೆ ಗೌನುಗಳನ್ನೂ ಮಾಡಿದ್ದಳು. ನಮ್ಮಲ್ಲಿ ಆರು ಗಜದ ಒಂದೇ ಬಟ್ಟೆಯಲ್ಲಿ ಆಗುವ ಕೆಲಸಕ್ಕೆ ಅಲ್ಲಿ ಎಷ್ಟು ಜನ ಕತ್ತರಿ ಹಿಡಿದು ನಿಂತಿದ್ದರೋ.

ಎರಡನೇ ತಿರುವು: ನೆಲಮಾಳಿಗೆ ಅಲ್ಲ, ನೆಲ ಅಂತಸ್ತು

ಓದುವವರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಕುಟೂರ್ ಅಂದರೆ ಏನು? ಗಿರಾಕಿ ಬರುತ್ತಾಳೆ, ಷೋ ನೋಡುತ್ತಾಳೆ, ಆರಿಸುತ್ತಾಳೆ. ಅಳತೆ ತೆಗೆಯುತ್ತಾರೆ. ಮೊದಲು ಹತ್ತಿ ಬಟ್ಟೆಯಲ್ಲಿ ಒಂದು ಕಚ್ಚಾ ರೂಪ. ಅವಳು ಮತ್ತೆ ಬಂದು ತೊಟ್ಟು ನೋಡಬೇಕು, ತಿದ್ದಬೇಕು, ಮತ್ತೆ ಬರಬೇಕು. ವಾರಗಳೇ ಹಿಡಿಯುತ್ತವೆ. ಆ ಒಂದು ಗೌನಿಗೆ ಎಷ್ಟು ಕೈ, ಎಷ್ಟು ದಿನ ಸಂಬಳ ಅಂತ ಲೆಕ್ಕ ಹಾಕಿ.

ಯಜಮಾನಿ ಹೊಸ ಕಟ್ಟಡದ ನೆಲ ಅಂತಸ್ತಿನಲ್ಲಿ ಬೇರೆಯದೇ ಒಂದು ಅಂಗಡಿ ಇಟ್ಟಳು. ಸ್ವೆಟರ್, ಬ್ಲೌಸ್, ಸ್ಕಾರ್ಫ್, ಆಭರಣ, ಎಲ್ಲ ರೆಡಿ. ಅಳತೆಯೂ ಇಲ್ಲ, ಕಾಯುವುದೂ ಇಲ್ಲ, ದುಡ್ಡು ಕೊಟ್ಟು ಆಗಲೇ ಕೈಯಲ್ಲಿ ಹಿಡಿದುಕೊಂಡು ಹೋಗಬಹುದು. ಇವತ್ತು ಬೊಟೀಕ್ ಅಂತ ಬೀದಿಬೀದಿಯಲ್ಲಿ ಬೋರ್ಡ್ ಕಾಣುತ್ತೇವಲ್ಲ, ದೊಡ್ಡ ಕುಟೂರ್ ಮನೆಯೊಂದು ಆ ದಾರಿ ಹಿಡಿದ ಮೊದಮೊದಲ ನಿದರ್ಶನಗಳಲ್ಲಿ ಇದೂ ಒಂದು. ಅಲ್ಲೇ ಚಿನ್ನದ ಬಣ್ಣದ ದೊಡ್ಡ ಪಂಜರ ಮಾಡಿ ಅದರೊಳಗೆ ಸೆಂಟು ಮಾರಿದರು.

ಸೆಂಟಿನ ಕಥೆಯೂ ಚೆನ್ನಾಗಿದೆ. ಹಾಲಿವುಡ್ ನಟಿ ಮೇ ವೆಸ್ಟ್‌ಗೆ ಉಡುಪು ಮಾಡಬೇಕಿತ್ತು, ಆಕೆ ಪ್ಯಾರಿಸ್ಸಿಗೆ ಬರಲಾಗದೆ ತನ್ನ ಮೈಯಚ್ಚಿನ ಒಂದು ಬೊಂಬೆ ಕಳಿಸಿದಳು. ಆ ಮೈಕಟ್ಟನ್ನೇ ಹಿಡಿದು ಕಲಾವಿದೆ ಲಿಯೊನೋರ್ ಫಿನಿ ಬಾಟಲಿ ಮಾಡಿದರು. ದರ್ಜಿಯ ಬೊಂಬೆಯ ಆಕಾರದ ಗಾಜು, ಕತ್ತಿಗೆ ಹಾರದ ಹಾಗೆ ಅಳತೆ ಟೇಪು, ತಲೆ ಇರಬೇಕಾದ ಜಾಗದಲ್ಲಿ ಹೂಗೊಂಚಲು. ಪೆಟ್ಟಿಗೆ ಕಣ್ಣಿಗೆ ಹೊಡೆಯುವ ಗುಲಾಬಿ, ಆ ಬಣ್ಣಕ್ಕೂ ಸೆಂಟಿಗೂ ಒಂದೇ ಹೆಸರು. 1937ರ ಹೊತ್ತಿಗೆ ಅದು ಮನೆಮಾತು.

ಮೇಲಿನ ಮಹಡಿಯಲ್ಲಿ ಅದೇ ವರ್ಷಗಳಲ್ಲಿ ಚಿತ್ರಕಾರ ಡಾಲಿಯ ಜೊತೆ ಸೇರಿ ಲಾಬ್‌ಸ್ಟರ್ ಗೌನು, ಶೂ ಟೋಪಿ, ಎಲುಬು ಎದ್ದು ಕಾಣುವ ಕಪ್ಪು ಉಡುಪು ಎಲ್ಲ ಬಂದವು. ಕವಿ, ಕಲಾವಿದ ಝಾನ್ ಕಾಕ್ಟೋ ಬರೆದುಕೊಟ್ಟ ಗೆರೆಗಳನ್ನು ಲೆಸಾಜ್ ಮನೆಯವರು ಜಾಕೆಟ್ಟಿನ ಮೇಲೆ ಕಸೂತಿ ಹಾಕಿದರು. ಬಚ್ಚಿಡುತ್ತಿದ್ದ ಜಿಪ್ಪನ್ನು ಬಣ್ಣ ಬಣ್ಣದ್ದು ಮಾಡಿ ಎಲ್ಲರಿಗೂ ಕಾಣುವ ಹಾಗೆ ಹೊಲಿಸಿದಳು. ಶೂ ಟೋಪಿಯನ್ನು ತೊಡುವ ಧೈರ್ಯ ಇದ್ದವರು ಬೆರಳೆಣಿಕೆ. ಅದು ಮಾರುವ ಮಾಲಲ್ಲ, ಪೇಪರಿನಲ್ಲಿ ಬರುವ ಮಾಲು. ಗಿರಾಕಿಗಳು ಅದನ್ನು ನೋಡಲು ಬಂದು, ನೆಟ್ಟಗೆ ಭುಜ ನಿಂತ ಒಂದು ಕಪ್ಪು ಸೂಟ್ ತೆಗೆದುಕೊಂಡು ಹೋಗುತ್ತಿದ್ದರು. ಎದುರಾಳಿ ಡಿಸೈನರ್ ಶನೆಲ್ ಇವಳನ್ನು ಬಟ್ಟೆ ಮಾಡುವ ಆ ಇಟಲಿಯ ಕಲಾವಿದೆ ಅಂತ ಹಂಗಿಸಿದ್ದು ಪ್ರಸಿದ್ಧ. ಆದರೆ ಆ ಮೂದಲಿಕೆಯಿಂದಲೂ ಇವಳಿಗೆ ಪ್ರಚಾರವೇ ಸಿಕ್ಕಿತು.

ಸರಿ, ಈಗ ಚಿತ್ರ ಹೀಗಿದೆ. ಮೇಲೆ ಖರ್ಚಿನ ಕುಟೂರ್, ಅದರಿಂದ ಬರುವ ಹೆಸರು. ಕೆಳಗೆ ರೆಡಿ ಮಾಲು, ಸೆಂಟು. ಮೂವತ್ತರ ದಶಕದಲ್ಲಿ ಎರಡೂ ಒಂದನ್ನೊಂದು ಹೊತ್ತುಕೊಂಡು ನಡೆದವು.

ಯುದ್ಧ, ಮತ್ತು ಐದು ವರ್ಷದ ಖಾಲಿ ಜಾಗ

ಯುದ್ಧ ಶುರುವಾದಾಗಲೂ ಆಕೆ ಚುರುಕಾಗಿಯೇ ಇದ್ದಳು. ಬ್ಯಾಗ್ ಹಿಡಿದು ಓಡಲಾಗದು ಅಂತ ದೊಡ್ಡ ದೊಡ್ಡ ಜೇಬಿನ ಕೋಟು ಮಾಡಿಸಿದಳು. 1940ರಲ್ಲಿ ಪ್ಯಾರಿಸ್ ಜರ್ಮನರ ಕೈಗೆ ಹೋಯಿತು. ಆಕೆ ಭಾಷಣ ಮಾಡಲು ಅಮೆರಿಕಕ್ಕೆ ಹೋದಳು, ಮಧ್ಯೆ ಒಮ್ಮೆ ಬಂದಳು, 1941ರಲ್ಲಿ ಮತ್ತೆ ಹೊರಟವಳು ಯುದ್ಧ ಮುಗಿಯುವ ತನಕ ನ್ಯೂಯಾರ್ಕಿನಲ್ಲೇ ಉಳಿದಳು. ಅಲ್ಲಿ ಫ್ಯಾಶನ್ ಕೆಲಸ ಮುಟ್ಟಲಿಲ್ಲ, ಆಸ್ಪತ್ರೆಯಲ್ಲಿ ದಾದಿಯರಿಗೆ ನೆರವಾಗುವ ಕೆಲಸ ಮಾಡಿದಳು. ಪ್ಯಾರಿಸ್ಸಿನ ಮನೆ ಮುಚ್ಚಲಿಲ್ಲ, ಉಳಿದವರು ನಡೆಸಿಕೊಂಡು ಹೋದರು.

1945ರಲ್ಲಿ ವಾಪಸ್ ಬಂದಾಗ ಕಟ್ಟಡ ಇತ್ತು, ಬೋರ್ಡ್ ಇತ್ತು. ಗಿರಾಕಿ ಬೇರೆಯಾಗಿದ್ದಳು. ಐದು ವರ್ಷ ರೇಷನ್ನಿನಲ್ಲಿ ಬದುಕಿದ ಹೆಂಗಸಿಗೆ ತಮಾಷೆ ಬೇಕಿರಲಿಲ್ಲ, ತಾನು ಚೆಂದ ಕಂಡರೆ ಸಾಕಿತ್ತು. 1947ರ ಫೆಬ್ರುವರಿಯಲ್ಲಿ ಡಿಸೈನರ್ ಕ್ರಿಶ್ಚಿಯನ್ ಡಿಯೋರ್ ಸಣ್ಣ ನಡು, ಮೆತ್ತನೆ ಭುಜ, ಗಜಗಟ್ಟಲೆ ಬಟ್ಟೆಯ ಅಗಲ ಸ್ಕರ್ಟ್ ತಂದರು, ಊರಿಗೆ ಊರೇ ಆ ಕಡೆ ತಿರುಗಿತು. ಡಿಯೋರ್ ಹಿಂದೆ ಜವಳಿ ದೊರೆ ಮಾರ್ಸೆಲ್ ಬುಸ್ಸಾಕ್‌ನ ಬಂಡವಾಳ ಇತ್ತು ಅನ್ನುವುದನ್ನೂ ಮರೆಯಬಾರದು.

ಎಲ್ಲರೂ ಡಿಯೋರ್ ಬಂದರು, ಇವಳು ಮುಗಿದಳು ಅಂತ ಒಂದೇ ಸಾಲಿನಲ್ಲಿ ಬರೆಯುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಯಾಕೆಂದರೆ ಮುಂದೆ ಏನು ಬರುತ್ತದೆ ಅನ್ನುವುದು ಅವಳ ಕಣ್ಣಿಗೆ ಕಂಡಿತ್ತು. ವಿಮಾನದಲ್ಲಿ ಓಡಾಡುವ ಹೆಂಗಸಿಗೆ ಅಂತ ಒಂದು ಹಗುರ ಚೀಲದ ಸೆಟ್ ಮಾಡಿದಳು: ಆರು ಉಡುಪು, ಎರಡೂ ಬದಿ ತೊಡಬಹುದಾದ ಒಂದು ಕೋಟು, ಮಡಿಸಿ ಇಡಬಹುದಾದ ಮೂರು ಟೋಪಿ. 1949ರಲ್ಲಿ ನ್ಯೂಯಾರ್ಕಿನಲ್ಲಿ ರೆಡಿಮೇಡ್ ವ್ಯಾಪಾರಕ್ಕೂ ಕೈ ಹಾಕಿದಳು. ಇದು ಹಳೇ ಕಾಲದಲ್ಲೇ ಕೂತವಳ ಯೋಚನೆ ಅಲ್ಲವೇ ಅಲ್ಲ.

ಮೂರನೇ ತಿರುವು: ಬೊಟೀಕಿನ ಹುಡುಗ

ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ನೋವಾಗುವ ಜಾಗ ಇದು. 1947ರಲ್ಲಿ ಇಪ್ಪತ್ತು ವರ್ಷದ ಒಬ್ಬ ಎತ್ತರದ ಹುಡುಗ ಕೆಲಸಕ್ಕೆ ಬಂದ. ಹೆಸರು ಹ್ಯೂಬರ್ ದ ಜಿವಾಂಶಿ. ಅವನನ್ನು ನೆಲ ಅಂತಸ್ತಿನ ಬೊಟೀಕ್ ನೋಡಿಕೊಳ್ಳಲು ಹಾಕಿದರು. ಅವನು ಅಲ್ಲಿ ಬ್ಲೌಸ್ ಬೇರೆ, ಸ್ಕರ್ಟ್ ಬೇರೆ, ಸ್ವೆಟರ್ ಬೇರೆ ಮಾಡಿದ, ಯಾವುದನ್ನು ಯಾವುದರ ಜೊತೆ ಬೇಕಾದರೂ ಹಾಕಿಕೊಳ್ಳಿ ಅನ್ನುವ ಹಾಗೆ. ಚಿಕ್ಕ ವಯಸ್ಸಿನ ಗಿರಾಕಿಗಳು ಕೆಳಗೆ ಬಂದರು. ಕುಟೂರ್ ನೋಡಲು ಮೇಲೆ ಹತ್ತುವವರು ಕಡಿಮೆಯಾದರು.

ಅಂದರೆ ಉತ್ತರ ಅದೇ ಕಟ್ಟಡದಲ್ಲಿ, ಅದೇ ಬಾಗಿಲ ಒಳಗೆ ಇತ್ತು. ಅವಳೇ 1935ರಲ್ಲಿ ಕಟ್ಟಿದ ಅಂಗಡಿ. ಆದರೆ ಮನೆಯ ಮರ್ಯಾದೆ, ಸಂಬಳದ ದೊಡ್ಡ ಪಾಲು, ಯಜಮಾನಿಯ ಮನಸ್ಸು, ಮೂರೂ ಮೇಲಿನ ಮಹಡಿಯಲ್ಲೇ ಉಳಿದವು ಅಂತ ನನಗೆ ಕಾಣುತ್ತದೆ. ಬೊಟೀಕ್ ಯಾವಾಗಲೂ ಪಕ್ಕದ ಕೋಣೆ. ಹುಡುಗ ನಾಲ್ಕು ವರ್ಷ ಇದ್ದು ಬಿಟ್ಟು ಹೋದ. 1952ರ ಫೆಬ್ರುವರಿಯಲ್ಲಿ ಸ್ವಂತ ಮನೆ ತೆರೆದು ಮೊದಲ ಷೋನಲ್ಲಿ ತೋರಿಸಿದ್ದು ಏನು? ಬೇರೆ ಬೇರೆ ಮಾಡಿ ಜೋಡಿಸಿಕೊಳ್ಳುವ ಉಡುಪು, ಅಗ್ಗದ ಬಿಳಿ ಹತ್ತಿ ಬಟ್ಟೆಯ ಒಂದು ಬ್ಲೌಸ್. ಅದು ರಾತ್ರಿ ಕಳೆದು ಬೆಳಗಾಗುವುದರೊಳಗೆ ಹೆಸರಾಯಿತು. ಯಜಮಾನಿಯ ನೆಲ ಅಂತಸ್ತು ಬೀದಿ ದಾಟಿ ಬೇರೆ ಕಡೆ ಹೋದ ಹಾಗೆ.

ಆ ಹುಡುಗನಿಗೆ ಇಡೀ ಮನೆಯನ್ನು ಒಪ್ಪಿಸಿದ್ದರೆ ಉಳಿಯುತ್ತಿತ್ತಾ? ಗ್ಯಾರಂಟಿ ಕೊಡಲಾಗದು. ಆದರೆ 1927ರಲ್ಲಿ ಆ ಹೆಣಿಗೆಯ ಹೆಂಗಸನ್ನು ಕಂಡಾಗ ಅವಳು ಮಾಡಿದ್ದು ಅದನ್ನೇ ಅಲ್ವಾ? ಈ ಕೈ ಏನು ಮಾಡಬಲ್ಲದು ಅಂತ ನೋಡಿ, ವ್ಯಾಪಾರವನ್ನೇ ಆ ಕಡೆ ತಿರುಗಿಸಿದ್ದು. ಎರಡನೇ ಸಲ ಕೈ ಕಣ್ಣಮುಂದೆಯೇ ಇತ್ತು, ತಿರುಗಿಸಬೇಕಾದ ವ್ಯಾಪಾರ ಮಾತ್ರ 98 ಕೋಣೆಯಷ್ಟು ಭಾರವಾಗಿತ್ತು.

ಕೊನೆಗೆ ಆದದ್ದು

1954ರ ಫೆಬ್ರುವರಿಯಲ್ಲಿ ಶನೆಲ್ ಹದಿನೈದು ವರ್ಷದ ನಂತರ ಮತ್ತೆ ಬಾಗಿಲು ತೆರೆದಳು. ದುಡ್ಡು ಹಾಕಿದ್ದು ಅವಳ ಸೆಂಟಿನ ಕಂಪನಿಯ ಮಾಲೀಕರು. ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ಯಜಮಾನಿ ಕುಟೂರ್ ಮನೆಯ ಬಾಗಿಲು ಹಾಕಿದಳು, ಆಗ ಅವಳಿಗೆ 64. ಅಲ್ಲಿ ಸೆಂಟು ಕುಟೂರನ್ನು ಎತ್ತಿ ನಿಲ್ಲಿಸಿತು, ಇಲ್ಲಿ ಸೆಂಟು ಉಳಿದು ಕುಟೂರ್ ಹೋಯಿತು. ನನ್ನ ಲೆಕ್ಕದಲ್ಲಿ ವ್ಯತ್ಯಾಸ ಪ್ರತಿಭೆಯದ್ದಲ್ಲ. ಶನೆಲ್ ಮತ್ತೆ ತಂದದ್ದು ದಿನಾ ತೊಟ್ಟು ಓಡಾಡುವ ಸೂಟು, ಇವಳ ಹೆಸರು ಕೇಳಿದರೆ ಜನಕ್ಕೆ ನೆನಪಾಗುತ್ತಿದ್ದದ್ದು ಬೆಚ್ಚಿಬೀಳಿಸುವ ಉಡುಪು. ಬೆಚ್ಚಿಬೀಳಿಸುವುದನ್ನು ಪ್ರತಿ ಸೀಸನ್ನಿಗೆ ಹೊಸದಾಗಿ ಮಾಡಬೇಕು, ಅದಕ್ಕೆ ಬೆಚ್ಚುವ ಜನವೂ ಬೇಕು. ಸೂಟಿಗೆ ಆ ತಾಪತ್ರಯ ಇಲ್ಲ.

ಒಳ್ಳೆಯ ಬಟ್ಟೆ ವ್ಯಾಪಾರ ಮಾಡುವವರು ಈ ಪ್ರಕರಣದಿಂದ ಏನು ಹಿಡಿದುಕೊಳ್ಳಬೇಕು ಅಂತ ಕೇಳಿದರೆ, ನಾನು ಶೂ ಟೋಪಿ ಬಿಟ್ಟು ಆ ಕಟ್ಟಡದ ಮೆಟ್ಟಿಲು ನೋಡಿ ಅನ್ನುತ್ತೇನೆ. ಗಿರಾಕಿ ಯಾವ ಅಂತಸ್ತಿನಲ್ಲಿ ನಿಲ್ಲುತ್ತಿದ್ದಾಳೆ, ನೀವು ಯಾವ ಅಂತಸ್ತಿನಲ್ಲಿ ಕೂತಿದ್ದೀರಿ ಅಂತ ತಿಂಗಳಿಗೊಮ್ಮೆಯಾದರೂ ಕೆಳಗಿಳಿದು ಬಂದು ನೋಡಿ.

ಯಜಮಾನಿ ತೀರಿಕೊಂಡದ್ದು 1973ರಲ್ಲಿ, ಪ್ಯಾರಿಸ್ಸಿನಲ್ಲಿ. ಇಟಲಿಯ ಒಬ್ಬ ಉದ್ಯಮಿ ಹೆಸರನ್ನು ಕೊಂಡು 2012ರಲ್ಲಿ ಅದೇ 21ನೇ ನಂಬರಿನಲ್ಲಿ ಬಾಗಿಲು ತೆರೆಸಿದರು, ಈಗ ಮತ್ತೆ ಅಲ್ಲಿ ಕುಟೂರ್ ನಡೆಯುತ್ತಿದೆ. ಬೋ ಗಂಟಿನ ಸ್ವೆಟರ್ ಒಂದು ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ, ಯಜಮಾನಿಯ ಹೆಸರಿನಲ್ಲಿ. ಅದರ ಫೋಟೋ ಸಿಕ್ಕರೆ ದೊಡ್ಡದು ಮಾಡಿ ನೋಡಿ. ಕಪ್ಪಿನ ಮೇಲೆಲ್ಲ ಅಕ್ಕಿ ನುಚ್ಚು ಚೆಲ್ಲಿದ ಹಾಗೆ ಸಣ್ಣ ಬಿಳಿ ಚುಕ್ಕಿ ಕಾಣುತ್ತವೆ. ಅವನ್ನು ಯಾರೂ ಚಿತ್ರದಲ್ಲಿ ಬರೆದಿರಲಿಲ್ಲ. ಆ ಆರ್ಮೇನಿಯನ್ ಹೆಂಗಸು ಹಿಂದಿನ ಎಳೆಯನ್ನು ಸಿಕ್ಕಿಸಿಕೊಂಡು ಹೋದ ಜಾಗಗಳು ಅವು.